ಬರದ ವರ್ಷಕ್ಕೆ ಊರಿನ ನೀರಿನ ಲೆಕ್ಕ: ನವೆಂಬರ್‌ನಲ್ಲೇ ಹಾಕುವುದು ಹೇಗೆ?

ಮಾರ್ಚ್ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ. "ನಮ್ಮ ಕಾಲೋನಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರ್ತಾ ಇದೆ, ಈಗ ಏನು ಮಾಡೋದ್ರಿ?" ಕಲಬುರಗಿಯವರು ಕೇಳುತ್ತಾರೆ, ಬೀದರಿನವರು ಕೇಳುತ್ತಾರೆ, ಯಾದಗಿರಿಯವರೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಮಾರ್ಚ್‌ನಲ್ಲಿ ಮಾಡಲು ಜಾಸ್ತಿ ಏನೂ ಉಳಿದಿರುವುದಿಲ್ಲ, ಟ್ಯಾಂಕರ್‌ನವನಿಗೆ ಫೋನ್ ಹಚ್ಚಬೇಕು ಅಷ್ಟೇ. ಬರದ ವರ್ಷದ ಯೋಜನೆ ಶುರುವಾಗಬೇಕಾದ್ದು ಹಸ್ತ, ಚಿತ್ತ ಮಳೆ ಮುಗಿದ ಮೇಲೆ. ಅಂದರೆ ನವೆಂಬರ್ ಮೊದಲ ವಾರ. ಆ ಹೊತ್ತಿಗೆ ಮುಂದಿನ ಮಳೆಗಾಲದವರೆಗೆ ನಮ್ಮ ಕೈಯಲ್ಲಿ ಇರುವ ನೀರೆಷ್ಟು ಅಂತ ಗೊತ್ತಾಗಿಬಿಟ್ಟಿರುತ್ತದೆ.

ಈ ಬರಹ ಎಂಜಿನಿಯರ್‌ಗಳಿಗಲ್ಲ. ಬಡಾವಣೆ ಸಂಘದವರು, ವಾರ್ಡ್ ಸಮಿತಿಯಲ್ಲಿ ಕೂತವರು, ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು, ಹೊಸದಾಗಿ ಗೆದ್ದ ಪಾಲಿಕೆ ಸದಸ್ಯರು, ಇಂಥವರಿಗೆ. ನೀವೇ ಲೆಕ್ಕ ಹಾಕಿ, ಅದನ್ನು ಕೈಯಲ್ಲಿ ಹಿಡಿದು ಅಧಿಕಾರಿಗಳ ಹತ್ತಿರ ಮಾತಾಡಬಹುದು. ಲೆಕ್ಕಕ್ಕೆ ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ಸಾಕು.

ಮೊದಲು ಗೊತ್ತಿರಬೇಕಾದ್ದು

ಕಲಬುರಗಿ ನಗರಕ್ಕೆ ಮುಖ್ಯವಾಗಿ ನೀರು ಬರುವುದು ಎರಡು ಕಡೆಯಿಂದ. ಒಂದು, ಭೀಮಾ ನದಿಯ ಸರಡಗಿ ಬ್ಯಾರೇಜ್. ಇನ್ನೊಂದು, ಬೆಣ್ಣೆತೊರಾ ಜಲಾಶಯ. ಇವೆರಡೂ ಒಂದೇ ಥರ ಒಣಗುವುದಿಲ್ಲ. ಭೀಮಾ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ, ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ದಾಟಿ ನಮ್ಮ ಕಡೆ ಬರುತ್ತದೆ. ಹಾಗಾಗಿ ನಮ್ಮಲ್ಲಿ ಮಳೆ ಚೆನ್ನಾಗಿ ಬಿದ್ದರೂ ಮೇಲೆ ಮಳೆ ಕಮ್ಮಿಯಾಗಿ ಉಜನಿ ತುಂಬದಿದ್ದರೆ ಬೇಸಿಗೆಯಲ್ಲಿ ಭೀಮೆ ಬತ್ತುತ್ತದೆ. ಬೆಣ್ಣೆತೊರಾ ಹಾಗಲ್ಲ, ಹತ್ತಿರದ ಮಳೆಯನ್ನೇ ನಂಬಿಕೊಂಡದ್ದು. ಬ್ಯಾರೇಜ್ ಅಂದರೆ ನದಿಗೆ ಅಡ್ಡ ಗೇಟು ಹಾಕಿ ನದಿಯ ಪಾತ್ರದಲ್ಲೇ ನೀರು ನಿಲ್ಲಿಸುವ ಕಟ್ಟಡ. ದೊಡ್ಡ ಅಣೆಕಟ್ಟಿನಂತೆ ವರ್ಷದ ನೀರು ಅದರಲ್ಲಿ ಹಿಡಿಯುವುದಿಲ್ಲ.

ಬೀದರ್‌ಗೆ ಕಾರಂಜಾ ಜಲಾಶಯ ಮತ್ತು ಮಾಂಜ್ರಾ ನದಿ. ಯಾದಗಿರಿ ಊರಿನ ಪಕ್ಕದಲ್ಲೇ ಭೀಮೆ ಹರಿಯುತ್ತಾಳೆ. ನೀವು ಯಾವ ಊರಿನವರೇ ಆಗಲಿ, ನಿಮ್ಮ ನೀರಿನ ಮೂಲ ಯಾರ ಮಳೆಯನ್ನು ನಂಬಿದೆ ಅಂತ ಮೊದಲು ಬರೆದಿಡಿ. ಈ ಭಾಗದಲ್ಲಿ ಒಂದು ವರ್ಷ ನೋಡಿ ಇನ್ನೊಂದು ವರ್ಷ ಊಹಿಸಲು ಆಗುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹಕ್ಕೆ ದಂಡೆಯ ಊರುಗಳು ಮುಳುಗಿದವು. ಮೂರು ವರ್ಷದ ನಂತರ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು.

ಕಚೇರಿಗೆ ಹೋದಾಗ ಕಿವಿಗೆ ಬೀಳುವ ನಾಲ್ಕು ಪದಗಳನ್ನೂ ತಿಳಿದುಕೊಂಡಿರಿ. ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಬಳಕೆಗೆ ಸಿಗುವ ಸಂಗ್ರಹ ಅಂದರೆ ಕಾಲುವೆಗೋ ಪಂಪಿಗೋ ಎಟುಕುವ ನೀರು. ಅದರ ಕೆಳಗೆ ಉಳಿಯುವುದು ಡೆಡ್ ಸ್ಟೋರೇಜ್, ಹೂಳಿನ ಜೊತೆ ತಳದಲ್ಲಿ ನಿಂತ ನೀರು. ಪೇಪರ್‌ನಲ್ಲಿ "ಜಲಾಶಯದಲ್ಲಿ ಇಷ್ಟು ಟಿಎಂಸಿ ಇದೆ" ಅಂತ ಬಂದಾಗ ಅದು ಒಟ್ಟು ನೀರೋ, ಬಳಕೆಗೆ ಸಿಗುವ ನೀರೋ ಅಂತ ಕೇಳಲೇಬೇಕು. ಬಹಳ ಜನ ಎಡವುವುದು ಇಲ್ಲೇ.

1. ಊರಿಗೆ ಬೇಕಾದ ನೀರು ಎಷ್ಟು?

ಒಳಚರಂಡಿ ಇರುವ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಅಂತ ನಮ್ಮ ದೇಶದ ಲೆಕ್ಕ. ಅದನ್ನು ಬಿಡಿಸಿದರೆ ಹೀಗಿದೆ: ಸ್ನಾನಕ್ಕೆ 55, ಶೌಚಾಲಯಕ್ಕೆ 30, ಬಟ್ಟೆಗೆ 20, ಪಾತ್ರೆಗೆ 10, ಮನೆ ಒರೆಸಲು 10, ಅಡಿಗೆಗೆ 5, ಕುಡಿಯಲು 5. ಈ ಪಟ್ಟಿಯನ್ನು ಇಟ್ಟುಕೊಳ್ಳಿ, ಬರದ ವರ್ಷದಲ್ಲಿ ಎಲ್ಲಿ ಕಡಿಮೆ ಮಾಡಬಹುದು ಅಂತ ಇದರಲ್ಲೇ ಗೊತ್ತಾಗುತ್ತದೆ. ಕುಡಿಯುವುದು, ಅಡಿಗೆ ಎರಡೂ ಸೇರಿದರೂ ಬರೀ ಹತ್ತು ಲೀಟರ್.

2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ 5.33 ಲಕ್ಷ. ಈಗ ಜಾಸ್ತಿಯೇ ಆಗಿದೆ. ನಮ್ಮ ಉದಾಹರಣೆಗೆ 7 ಲಕ್ಷ ಅಂತ ಇಟ್ಟುಕೊಳ್ಳೋಣ. 7 ಲಕ್ಷ ಗುಣಿಸು 135, ಅಂದರೆ 94.5 ಎಂಎಲ್‌ಡಿ.

ಇದು ಮನೆಯ ನಳದಲ್ಲಿ ಬೀಳಬೇಕಾದ ನೀರು. ನದಿಯಿಂದ ಎತ್ತಬೇಕಾದದ್ದು ಇನ್ನೂ ಜಾಸ್ತಿ, ಯಾಕೆಂದರೆ ದಾರಿಯಲ್ಲಿ ಸೋರುತ್ತದೆ. ನೂರಕ್ಕೆ 30 ಸೋರುತ್ತದೆ ಅಂದುಕೊಂಡರೆ 94.5 ಅನ್ನು 0.7ರಿಂದ ಭಾಗಿಸಿ. 135 ಎಂಎಲ್‌ಡಿ ಬರುತ್ತದೆ. ಆಸ್ಪತ್ರೆ, ಹಾಸ್ಟೆಲ್, ಹೋಟೆಲ್, ಬಸ್ ನಿಲ್ದಾಣಗಳ ನೀರನ್ನು ಬೇರೆಯಾಗಿ ಕೂಡಿಸಬೇಕು. ಈ ಉದಾಹರಣೆಯಲ್ಲಿ ಅದನ್ನು ಬಿಟ್ಟಿದ್ದೇನೆ, ನಿಮ್ಮ ಲೆಕ್ಕದಲ್ಲಿ ಬಿಡಬೇಡಿ.

2. ಇರುವ ನೀರು ಎಷ್ಟು ದಿನಕ್ಕೆ?

ಇಡೀ ಯೋಜನೆಯ ಬೆನ್ನೆಲುಬು ಈ ಲೆಕ್ಕ. ನಿಧಾನಕ್ಕೆ ಓದಿ.

ಎಣಿಕೆ ನವೆಂಬರ್ 1ಕ್ಕೆ ಶುರು, ಜುಲೈ 31ಕ್ಕೆ ಕೊನೆ. ಒಟ್ಟು 273 ದಿನ. "ಮಳೆಗಾಲ ಜೂನ್‌ಗೇ ಶುರುವಾಗುತ್ತಲ್ಲ, ಜುಲೈ ಕೊನೆ ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ. ಮಿರಗ ಮಳೆ ಸುರಿದರೂ ಕೆರೆಗೆ ನೀರು ಬರುವುದಿಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ, ಮೊದಲ ಮಳೆಗಳನ್ನೆಲ್ಲ ಅದೇ ಕುಡಿಯುತ್ತದೆ. ಬಿರುಕು ಮುಚ್ಚಿ, ಹಳ್ಳ ಹರಿದು, ಜಲಾಶಯಕ್ಕೆ ಒಳಹರಿವು ಶುರುವಾಗಲು ಸಮಯ ಬೇಕು. ಜೂನ್ 1ರವರೆಗೆ ಲೆಕ್ಕ ಹಾಕಿದ ಊರು ಜೂನ್‌ನಲ್ಲೇ ಸಿಕ್ಕಿಬೀಳುತ್ತದೆ.

ಈಗ ಬಳಕೆಗೆ ಸಿಗುವ ಸಂಗ್ರಹದಿಂದ ಎರಡನ್ನು ಕಳೆಯಬೇಕು. ಒಂದು, ಆವಿಯಾಗಿ ಹೋಗುವ ಮತ್ತು ನೆಲಕ್ಕೆ ಇಂಗುವ ನೀರು. ನಮ್ಮ ಬಿಸಿಲಿಗೆ ಏಪ್ರಿಲ್, ಮೇ ತಿಂಗಳಲ್ಲಿ ತೆರೆದ ನೀರು ದಿನಕ್ಕೆ 8ರಿಂದ 10 ಮಿಲಿಮೀಟರ್ ಆವಿಯಾಗುತ್ತದೆ. ಒಂದು ಹೆಕ್ಟೇರ್ ನೀರಿನ ಮೇಲ್ಮೈಯಿಂದ ದಿನಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್! ಎರಡು, ಬೇರೆಯವರ ಪಾಲು: ಕಾಲುವೆಗೆ, ದಂಡೆಯ ಪಂಪ್‌ಸೆಟ್‌ಗಳಿಗೆ, ಅಕ್ಕಪಕ್ಕದ ಊರುಗಳ ಕುಡಿಯುವ ನೀರಿಗೆ.

ಒಂದು ಕಾಲ್ಪನಿಕ ಜಲಾಶಯ ತೆಗೆದುಕೊಳ್ಳೋಣ. ನವೆಂಬರ್ 1ಕ್ಕೆ ಬಳಕೆಗೆ ಸಿಗುವುದು 1.5 ಟಿಎಂಸಿ. ಆವಿ ಮತ್ತು ಇಂಗುವಿಕೆಗೆ 0.4, ಬೇರೆಯವರ ಪಾಲಿಗೆ 0.2 ಕಳೆಯಿರಿ. ನಗರಕ್ಕೆ ಉಳಿದದ್ದು 0.9 ಟಿಎಂಸಿ, ಅಂದರೆ ಸುಮಾರು 2,550 ಕೋಟಿ ಲೀಟರ್. ದಿನಕ್ಕೆ 135 ಎಂಎಲ್‌ಡಿ ಎತ್ತುತ್ತಾ ಹೋದರೆ 189 ದಿನಕ್ಕೆ ಖಾಲಿ. ಮೇ ತಿಂಗಳ 8ನೇ ತಾರೀಖು. ಬಿಸಿಲು ಉರಿಯುವ ಹೊತ್ತಿಗೆ ಸರಿಯಾಗಿ.

ಇದೇ ನೀರನ್ನು 273 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 93 ಎಂಎಲ್‌ಡಿ. ಸೋರಿಕೆ ಕಳೆದು ತಲೆಗೆ 93 ಲೀಟರ್ ಸಿಗುತ್ತದೆ. ಕಷ್ಟ, ಆದರೆ ಮನೆ ನಡೆಯುತ್ತದೆ.

ಇನ್ನೊಂದು ದಾರಿ ನೋಡಿ. ಫೆಬ್ರವರಿ ಕೊನೆಯವರೆಗೆ "ಇನ್ನೂ ನೀರಿದೆಯಲ್ಲ" ಅಂತ ಎಂದಿನಂತೆ 135 ಎಂಎಲ್‌ಡಿ ಎತ್ತಿದಿರಿ, ಮಾರ್ಚ್ 1ಕ್ಕೆ ಎಚ್ಚರವಾಯಿತು ಅಂದುಕೊಳ್ಳಿ. ಆಗ ಉಳಿದದ್ದು 930 ಕೋಟಿ ಲೀಟರ್, ಉಳಿದ ದಿನ 153. ಸೋರಿಕೆ ಕಳೆದು ತಲೆಗೆ ಸಿಗುವುದು 60 ಲೀಟರ್ ಚಿಲ್ಲರೆ. ನೀರು ಅದೇ, ಜನ ಅದೇ, ಪೈಪು ಅದೇ. ನವೆಂಬರ್‌ನಲ್ಲಿ ಕೈ ಬಿಗಿ ಹಿಡಿದರೆ 93, ಮಾರ್ಚ್‌ನಲ್ಲಿ ಹಿಡಿದರೆ 60. ಅದೂ ನಲವತ್ತೆರಡು ಡಿಗ್ರಿ ಬಿಸಿಲಲ್ಲಿ. ವಾರ್ಡ್ ಸಭೆಯಲ್ಲಿ ಏನೂ ಹೇಳದೆ ಈ ಎರಡು ಅಂಕಿಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿ, ಸಾಕು.

ಅಂಕಿಗಳು ಎಲ್ಲಿ ಸಿಗುತ್ತವೆ? ಮಳೆ ಮತ್ತು ದೊಡ್ಡ ಜಲಾಶಯಗಳ ಮಟ್ಟವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುತ್ತದೆ. ಸ್ಥಳೀಯ ಜಲಾಶಯ, ಬ್ಯಾರೇಜ್ ಮಟ್ಟ ನೀರಾವರಿ ಇಲಾಖೆಯ ವಿಭಾಗ ಕಚೇರಿಯಲ್ಲಿ ಇರುತ್ತದೆ. ದಿನಕ್ಕೆ ಎಷ್ಟು ನೀರು ಎತ್ತುತ್ತಾರೆ ಅನ್ನುವುದು ಜಾಕ್‌ವೆಲ್ ಮತ್ತು ಶುದ್ಧೀಕರಣ ಘಟಕದ ಲಾಗ್‌ಬುಕ್‌ನಲ್ಲಿ ಇರಬೇಕು. ಜಾಕ್‌ವೆಲ್ ಅಂದರೆ ನದಿಯಲ್ಲೋ ಜಲಾಶಯದಲ್ಲೋ ಪಂಪು ಕೂರಿಸಿದ ದೊಡ್ಡ ಬಾವಿ. ಕೇಳಿದರೂ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಆದರೆ ಅದಕ್ಕೆ 30 ದಿನ ಹಿಡಿಯಬಹುದು. ಹಾಗಾಗಿ ಅಕ್ಟೋಬರ್‌ನಲ್ಲೇ ಹಾಕಿ.

3. ತಾರೀಖು ನೋಡಿ ಅಲ್ಲ, ಮಟ್ಟ ನೋಡಿ ನಿರ್ಧಾರ

ಬರ ಬಂದ ಮೇಲೆ ಸಭೆ ಕರೆದರೆ ಜಗಳವೇ ಆಗುವುದು. ಯಾರ ಏರಿಯಾಕ್ಕೆ ಕಡಿಮೆ, ಯಾರದಕ್ಕೆ ಜಾಸ್ತಿ ಅಂತ. ಅದಕ್ಕೆ ಗೆರೆಗಳನ್ನು ಮೊದಲೇ ಎಳೆದು, ಒಪ್ಪಿ, ಬರೆದಿಡಬೇಕು. ನನ್ನ ಸಲಹೆ ಮೂರು ಗೆರೆ. ಪ್ರತಿ ತಿಂಗಳು 1ನೇ ತಾರೀಖಿಗೆ ಉಳಿದ ನೀರನ್ನು ದಿನದ ಬಳಕೆಯಿಂದ ಭಾಗಿಸಿ, ಜುಲೈ 31ರವರೆಗೆ ಎಷ್ಟು ದಿನ ಕೊರತೆ ಬೀಳುತ್ತದೆ ನೋಡಿ.

ಕೊರತೆ 30 ದಿನದ ಒಳಗಿದ್ದರೆ ಮೊದಲ ಗೆರೆ. ಸೋರಿಕೆ ರಿಪೇರಿ ಜೋರು ಮಾಡಿ. ಪೈಪಿನಿಂದ ಗಾಡಿ ತೊಳೆಯುವುದು, ಅಂಗಳಕ್ಕೆ ನೀರು ಹೊಡೆಯುವುದು ನಿಲ್ಲಿಸಿ. ಕಟ್ಟಡ ಕೆಲಸಕ್ಕೆ ನಳದ ನೀರು ಬಂದ್.

30ರಿಂದ 90 ದಿನ ಇದ್ದರೆ ಎರಡನೇ ಗೆರೆ. ತಲೆಗೆ 100 ಲೀಟರ್ ಅಥವಾ ಅದಕ್ಕೂ ಸ್ವಲ್ಪ ಕಡಿಮೆ. ಬೋರ್‌ವೆಲ್‌ಗಳನ್ನು ತಯಾರು ಮಾಡಿ, ಟ್ಯಾಂಕರ್ ದರಕ್ಕೆ ಟೆಂಡರ್ ಕರೆಯಿರಿ. ಮೇಲಿನ ಉದಾಹರಣೆಯ ಊರು ಇಲ್ಲಿ ಬರುತ್ತದೆ, ಅದರ ಕೊರತೆ 84 ದಿನ.

90 ದಾಟಿದರೆ ಮೂರನೇ ಗೆರೆ. ತಲೆಗೆ 70 ಲೀಟರ್. ಮನೆ, ಆಸ್ಪತ್ರೆ, ಶಾಲೆ, ಹಾಸ್ಟೆಲ್ ಬಿಟ್ಟು ಬೇರೆ ಎಲ್ಲದಕ್ಕೂ ಕಡಿತ. ನದಿಯಲ್ಲಿ ಉಳಿದ ನೀರನ್ನು ಕುಡಿಯಲು ಕಾಯ್ದಿರಿಸುವಂತೆ ಜಿಲ್ಲಾಧಿಕಾರಿಗೆ ಮನವಿ ಕೊಡಬೇಕು.

ಈ ಕಾಯ್ದಿರಿಸುವಿಕೆ ಬಗ್ಗೆ ಒಂದು ಮಾತು. ಮಾರ್ಚ್‌ನಲ್ಲಿ ದಂಡೆಯ ಪಂಪ್‌ಸೆಟ್‌ಗಳ ಕರೆಂಟು ಕಡಿದರೆ ಬೆಳೆದು ನಿಂತ ಕಬ್ಬು ಒಣಗುತ್ತದೆ, ರೈತರು ಬೀದಿಗೆ ಬರುತ್ತಾರೆ, ಬರುವುದು ಸರಿಯೂ ಹೌದು. ಈ ಸಲ ಬೇಸಿಗೆಗೆ ನೀರಿಲ್ಲ ಅಂತ ನವೆಂಬರ್‌ನಲ್ಲೇ ಊರೂರಿಗೆ ಹೇಳಿದ್ದರೆ ಅವರು ಕಬ್ಬು ಬಿಟ್ಟು ಕಡಲೆ, ಜೋಳಕ್ಕೆ ಹೋಗುತ್ತಿದ್ದರು. ನಗರದ ನೀರಿನ ಯೋಜನೆಯಲ್ಲಿ ದಂಡೆಯ ಹಳ್ಳಿಗಳನ್ನೂ ಕೂರಿಸಿಕೊಂಡು ಮಾತಾಡಬೇಕು ಅನ್ನುವುದು ಇದಕ್ಕೇ.

ಕಡಿತ ಮಾಡುವ ರೀತಿಯಲ್ಲೂ ಒಂದು ದೊಡ್ಡ ತಪ್ಪು ನಡೆಯುತ್ತದೆ. ಎರಡು ದಿನಕ್ಕೊಮ್ಮೆ ಬಿಡುತ್ತಿದ್ದದ್ದನ್ನು ಆರು ದಿನಕ್ಕೊಮ್ಮೆ ಮಾಡಿದರೆ ನೀರು ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಹಾಗಾಗುವುದಿಲ್ಲ. ಮತ್ತೆ ಯಾವಾಗ ಬರುತ್ತೋ ಅಂತ ಜನ ಸಿಂಟೆಕ್ಸ್, ಡ್ರಮ್, ಕೊಡ, ಬಕೆಟ್ಟು ಎಲ್ಲ ತುಂಬಿಸುತ್ತಾರೆ, ಹೊಸ ನೀರು ಬಂದ ಕೂಡಲೇ ಹಳೆಯದನ್ನು ಚೆಲ್ಲುತ್ತಾರೆ. ಖಾಲಿ ಪೈಪಿನೊಳಗೆ ಪಕ್ಕದ ಚರಂಡಿಯ ನೀರು ಸೋರಿಕೆಯ ತೂತಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಬಿಟ್ಟ ನೀರಿನ ಮೊದಲ ಹತ್ತು ನಿಮಿಷ ಕೆಸರು ಬಣ್ಣ ಇರುವುದು ನೋಡಿರುತ್ತೀರಲ್ಲ? ಮುಚ್ಚದೆ ಇಟ್ಟ ಡ್ರಮ್ಮಿನಲ್ಲಿ ಡೆಂಗಿ ಸೊಳ್ಳೆ ವಾರ, ಹತ್ತು ದಿನದಲ್ಲಿ ಮರಿ ಮಾಡಿ ಹಾರುತ್ತದೆ. ಆದಷ್ಟು ದಿನಗಳ ಅಂತರ ಹೆಚ್ಚಿಸದೆ, ಬಿಡುವ ಗಂಟೆ ಮತ್ತು ಒತ್ತಡ ಕಡಿಮೆ ಮಾಡಿ ಅಂತ ಕೇಳಿ. ಅಂತರ ಹೆಚ್ಚಿಸಲೇಬೇಕಾದರೆ ದಿನ ಮತ್ತು ಗಂಟೆ ಪಕ್ಕಾ ಇರಲಿ. "ಇವತ್ತು ರಾತ್ರಿ ಬರಬಹುದು" ಅನ್ನುವ ಮಾತೇ ಜನರನ್ನು ಜಾಸ್ತಿ ತುಂಬಿಸಿಡುವಂತೆ ಮಾಡುವುದು.

4. ಸೋರಿಕೆ: ಅತಿ ಅಗ್ಗದ ಹೊಸ ಜಲಾಶಯ

ಅದೇ ಉದಾಹರಣೆಯಲ್ಲಿ ಸೋರಿಕೆ 30ರಿಂದ 15ಕ್ಕೆ ಇಳಿದರೆ ಸಾಕು, ಯಾರ ನೀರನ್ನೂ ಕಡಿಮೆ ಮಾಡದೆ ಮೇ 8ಕ್ಕೆ ಮುಗಿಯುವ ನೀರು ಜೂನ್ 17ರವರೆಗೆ ಬರುತ್ತದೆ. ಅದರ ಜೊತೆಗೆ ತಲೆಗೆ 100 ಲೀಟರ್ ಮಾಡಿದರೆ ಜುಲೈ ದಾಟುತ್ತದೆ. ಆದರೆ ರಿಪೇರಿ ಒಂದು ದಿನದ ಕೆಲಸವಲ್ಲ. ಚಳಿಗಾಲದಲ್ಲೇ ಮುಗಿಸಬೇಕು.

ಬಡಾವಣೆ ಮಟ್ಟದಲ್ಲಿ ಹೀಗೆ ಪರೀಕ್ಷೆ ಮಾಡಿ. ರಾತ್ರಿ 11ಕ್ಕೆ ನಿಮ್ಮ ಓವರ್‌ಹೆಡ್ ಟ್ಯಾಂಕ್ ಅಥವಾ ಅಪಾರ್ಟ್‌ಮೆಂಟ್ ಸಂಪ್‌ಗೆ ಬರುವ ನೀರು ಬಂದ್ ಮಾಡಿ, ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ 4ಕ್ಕೆ ಮತ್ತೆ ನೋಡಿ. ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಮಟ್ಟ ಇಳಿದಿದ್ದರೆ ಅದರಲ್ಲಿ ಬಹುಪಾಲು ಸೋರಿಕೆ. ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚಿ ಇದನ್ನೇ ಮಾಡಿದರೆ ಯಾವ ಸಾಲಿನಲ್ಲಿ ಅಂತ ಗೊತ್ತಾಗುತ್ತದೆ. ಇಡೀ ನಗರಕ್ಕೂ ಎಂಜಿನಿಯರ್‌ಗಳು ಮಾಡುವುದು ಇದನ್ನೇ, ನಡುರಾತ್ರಿ ಹರಿವಿನ ಅಳತೆ ಅಂತ ಕರೆಯುತ್ತಾರೆ.

ಹುಡುಕಬೇಕಾದ ಜಾಗ: ಮುಖ್ಯ ಪೈಪಿನಿಂದ ಮನೆಗೆ ನಳ ತೆಗೆದುಕೊಂಡ ಜೋಡಣೆ, ವಾಲ್ವ್ ಗುಂಡಿ, ಹೊಸದಾಗಿ ರಸ್ತೆ ಅಗೆದ ಕಡೆ. ಬೇಸಿಗೆಯಲ್ಲೂ ಹಸಿರು ಹುಲ್ಲು ಬೆಳೆದ ಚರಂಡಿ ಅಂಚು ಕಂಡರೆ ಅನುಮಾನ ಪಡಿ. ಎರೆಮಣ್ಣು ಹಿಗ್ಗಿ ಕುಗ್ಗುವುದರಿಂದ ಪೈಪಿನ ಜೋಡಣೆಗಳು ಸಡಿಲವಾಗುತ್ತವೆ, ಹಾಗಾಗಿ ಮಳೆಗಾಲ ಮುಗಿದು ನೆಲ ಒಣಗುವಾಗ ಇನ್ನೊಂದು ಸುತ್ತು ನೋಡಬೇಕು. ಮನೆಯೊಳಗೆ ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಳ ದಿನಕ್ಕೆ 20 ಲೀಟರ್ ಚೆಲ್ಲುತ್ತದೆ. ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಅದಕ್ಕಿಂತ ಜಾಸ್ತಿ ಚೆಲ್ಲುತ್ತದೆ. ಟ್ಯಾಂಕ್‌ಗೆ ಸ್ವಲ್ಪ ಅರಿಶಿನ ಹಾಕಿ ಬಿಡಿ, ಫ್ಲಶ್ ಮಾಡದೆಯೂ ಕೆಳಗೆ ಹಳದಿ ಕಂಡರೆ ವಾಷರ್ ಹೋಗಿದೆ ಅಂತ ಅರ್ಥ.

ನಳಕ್ಕೆ ನೇರವಾಗಿ ಮೋಟಾರ್ ಹಚ್ಚುವವರ ಬಗ್ಗೆ ಏನು ಹೇಳುವುದು! ಒಬ್ಬ ಹಚ್ಚಿದರೆ ಪಕ್ಕದವನಿಗೆ ಬರುವುದಿಲ್ಲ, ಅವನೂ ಹಚ್ಚುತ್ತಾನೆ, ಕೊನೆಗೆ ಓಣಿಯ ತುದಿಯ ಮನೆಗೆ ಗಾಳಿ ಮಾತ್ರ. ಚರಂಡಿ ನೀರು ಒಳಗೆ ಎಳೆದುಕೊಳ್ಳುವುದೂ ಇದರಿಂದಲೇ ಜಾಸ್ತಿ. ಸಂಘದ ಸಭೆಯಲ್ಲಿ ಮೊದಲು ಇದನ್ನು ತೀರ್ಮಾನ ಮಾಡಿ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ಕಲಬುರಗಿಯ ಕೆಲವು ವಾರ್ಡ್‌ಗಳಲ್ಲೂ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆದಿದ್ದು ನಿಮಗೆ ಗೊತ್ತಿರಬಹುದು. "ಇರುವ ನೀರೇ ಸಾಲದು, 24 ಗಂಟೆ ಎಲ್ಲಿಂದ?" ಅಂತ ನಗುವವರಿದ್ದಾರೆ. ಹೊಸ ಪೈಪು, ಮೀಟರ್, ಸದಾ ಒತ್ತಡ ಇದ್ದರೆ ಸೋರಿಕೆ ಬೇಗ ಸಿಗುತ್ತದೆ, ಜನ ತುಂಬಿಸಿಟ್ಟು ಚೆಲ್ಲುವುದು ನಿಲ್ಲುತ್ತದೆ. ಆದರೆ ಹಳೆಯ ಪೈಪಿನಲ್ಲಿ 24 ಗಂಟೆ ಬಿಟ್ಟರೆ 24 ಗಂಟೆಯೂ ಸೋರುತ್ತದೆ, ಅದೂ ನಿಜ.

5. ಬೋರ್‌ವೆಲ್, ಬಾವಿಗಳ ಪಟ್ಟಿ

ನಿಮ್ಮ ವಾರ್ಡಿನ ಪ್ರತಿ ಬೋರ್ ಮತ್ತು ತೆರೆದ ಬಾವಿಯ ಪಟ್ಟಿ ಮಾಡಿ: ಆಳ, ಎಷ್ಟು ಹೊತ್ತು ನೀರು ಎಳೆಯುತ್ತದೆ, ಮೋಟಾರ್ ಸ್ಥಿತಿ, ಹಿಂದಿನ ಮೇ ತಿಂಗಳಲ್ಲಿ ನೀರಿತ್ತೋ ಇಲ್ಲವೋ. ಕೊನೆಯದು ಬಹಳ ಮುಖ್ಯ. ಡಿಸೆಂಬರ್‌ನಲ್ಲಿ ಎಲ್ಲ ಬೋರ್‌ಗಳೂ ಹುಲಿಗಳೇ.

ಕಲಬುರಗಿ ಸುತ್ತ ಕರಿಗಲ್ಲು, ಅಂದರೆ ಲಾವಾ ಪದರಗಳಿಂದಾದ ಬಂಡೆ. ನೀರು ಸಿಗುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಪದರಗಳ ನಡುವಿನ ಬಿರುಕುಗಳಲ್ಲಿ. ಶಹಾಬಾದ್, ಸೇಡಂ, ಚಿತ್ತಾಪುರ ಕಡೆ ಸುಣ್ಣದಕಲ್ಲು. ಯಾದಗಿರಿ ಕಡೆ ಗ್ರಾನೈಟ್. ಆಳಕ್ಕೆ ಹೋದಷ್ಟೂ ನೀರು ಜಾಸ್ತಿ ಅನ್ನುವುದು ಇಲ್ಲೆಲ್ಲ ಸುಳ್ಳು. ಬಿರುಕು ಸಿಗದಿದ್ದರೆ ಎಂಟುನೂರು ಅಡಿಯಲ್ಲೂ ಬರೀ ಧೂಳು ಬರುತ್ತದೆ. ಬರದ ವರ್ಷದಲ್ಲಿ ಹೊಸ ಬೋರ್ ಕೊರೆಯುವುದಕ್ಕೆ ಹಣ ಸುರಿಯುವ ಮೊದಲು ಇರುವ ಬೋರ್‌ಗಳನ್ನು ಫ್ಲಶ್ ಮಾಡಿಸಿ, ಅಂದರೆ ಗಾಳಿ ಒತ್ತಿ ಒಳಗಿನ ಹೂಳು ಹೊರಗೆ ಹಾಕಿಸಿ, ಮುಚ್ಚಿ ಹೋದ ತೆರೆದ ಬಾವಿಗಳ ಹೂಳು ತೆಗೆಸಿ.

ನದಿ ನೀರು ಚೆನ್ನಾಗಿ ಬರುವ ನವೆಂಬರ್‌ನಿಂದ ಜನವರಿವರೆಗೆ ಬೋರ್‌ಗಳಿಗೆ ಆದಷ್ಟು ರಜೆ ಕೊಡಿ. ಎರಡನ್ನೂ ಒಟ್ಟಿಗೆ ಖಾಲಿ ಮಾಡಿ ಏಪ್ರಿಲ್‌ಗೆ ಎರಡೂ ಇಲ್ಲದಂತೆ ಮಾಡಿಕೊಳ್ಳುವುದು ನಮ್ಮ ಕಡೆ ಬಹಳ ಸಾಮಾನ್ಯ.

ಬೋರ್ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ ಇವು ಹೋಗುವುದಿಲ್ಲ, ನೀರು ಆರಿ ಇನ್ನೂ ಗಟ್ಟಿಯಾಗುತ್ತವೆ. ಕುಡಿಯೋ ನೀರು, ಬಳಸೋ ನೀರು ಅಂತ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಬೇರೆ ಇಡುತ್ತಾರಲ್ಲ, ಬಡಾವಣೆಯಲ್ಲೂ ಅದನ್ನೇ ಮಾಡಿ. ಬೋರ್ ನೀರಿಗೆ ಬೇರೆ ಪೈಪು, ಬೇರೆ ಬಣ್ಣ. ಎರಡನ್ನೂ ಎಲ್ಲೂ ಜೋಡಿಸಬೇಡಿ.

ಬೀದರಿನವರಿಗೆ ಇನ್ನೊಂದು ಕೆಲಸವಿದೆ. ನೌಬಾದ್‌ನ ಸುರಂಗ ಬಾವಿ, ಅಂದರೆ ಕರೇಜ್, ಬಹಮನಿ ಕಾಲದ್ದು. ಜಂಬಿಟ್ಟಿಗೆ ಕಲ್ಲಿನೊಳಗೆ ಇಂಗಿದ ಮಳೆ ನೀರನ್ನು ನೆಲದಡಿಯ ಸುರಂಗದಲ್ಲಿ ಇಳಿಜಾರಿನಲ್ಲೇ ತರುವ ವ್ಯವಸ್ಥೆ, ಪಂಪು ಬೇಡ, ಆವಿಯೂ ಆಗುವುದಿಲ್ಲ. ಅದರ ಮೇಲಿನ ನೆಲದಲ್ಲಿ ಗಾಳಿಗುಂಡಿಗಳನ್ನು ಮುಚ್ಚಿ ಮನೆ ಕಟ್ಟಿದರೆ, ಅಲ್ಲೇ ಬೋರ್ ಕೊರೆದರೆ, ಕಸ ಸುರಿದರೆ ಮುಗಿಯಿತು. ನಿಮ್ಮ ವಾರ್ಡಿನ ನಕ್ಷೆಯಲ್ಲಿ ಸುರಂಗದ ದಾರಿಯನ್ನು ಗುರುತು ಹಾಕಿಸಿ.

6. ಚಾವಣಿ ನೀರು, ಇಂಗು ಗುಂಡಿ

ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30×40 ಅಳತೆಯ ಚಾವಣಿ ಸುಮಾರು 111 ಚದರ ಮೀಟರ್. ಬರದ ವರ್ಷ, ಬರೀ 500 ಮಿಲಿಮೀಟರ್ ಮಳೆ ಅಂದುಕೊಂಡು, ನೂರಕ್ಕೆ 20 ಪೋಲಾಗುತ್ತದೆ ಅಂತ ಕಳೆದರೂ 44,000 ಲೀಟರ್. ಅಷ್ಟನ್ನೂ ಹಿಡಿದಿಡುವ ಟಾಕಿ ಯಾರ ಮನೆಯಲ್ಲೂ ಇರುವುದಿಲ್ಲ. ಹತ್ತು ಸಾವಿರ ಲೀಟರ್ ಸಂಪ್‌ಗೆ ಹೋಗಲಿ, ಉಳಿದದ್ದು ನೆಲಕ್ಕೆ ಇಳಿಯಲಿ.

ನೆಲಕ್ಕೆ ಇಳಿಸುವಾಗ ಕಲಬುರಗಿಯಲ್ಲಿ ಬಹಳ ಗುಂಡಿಗಳು ಕೆಲಸ ಮಾಡದಿರುವುದಕ್ಕೆ ಒಂದೇ ಕಾರಣ, ಎರೆಮಣ್ಣು. ನಾಲ್ಕೈದು ಅಡಿ ತೋಡಿ ಜಲ್ಲಿ ತುಂಬಿಸಿ ಫೋಟೋ ತೆಗೆಸಿಕೊಂಡರೆ ಆಗಲಿಲ್ಲ. ಎರೆಮಣ್ಣು ಒಮ್ಮೆ ನೆನೆದು ಹಿಗ್ಗಿತೆಂದರೆ ನೀರು ಕೆಳಗೆ ಬಿಡುವುದಿಲ್ಲ, ಗುಂಡಿಯಲ್ಲಿ ನೀರು ನಿಂತು ಸೊಳ್ಳೆ ಆಗುತ್ತದೆ. ಮಣ್ಣಿನ ಪದರ ಪೂರ್ತಿ ದಾಟಿ ಗರಸು, ಅಂದರೆ ಜಲ್ಲಿಯಂಥ ಸಡಿಲ ಪದರ, ಸಿಗುವವರೆಗೆ ತೋಡಬೇಕು. ಗುಂಡಿಯ ಪಕ್ಕದ ಗೋಡೆಗೆ ಎರೆಮಣ್ಣು ಕುಸಿಯದಂತೆ ಕಲ್ಲು ಅಥವಾ ಸಿಮೆಂಟ್ ಬಳೆ ಕೊಡಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಒಂದು ವಾಲ್ವ್, ಮೇಲೆ ಜಾಲರಿ ಇರಲಿ. ಸೆಪ್ಟಿಕ್ ಟ್ಯಾಂಕ್‌ನಿಂದ ಕನಿಷ್ಠ 15 ಮೀಟರ್ ದೂರ. ರಸ್ತೆಯ ನೀರು, ಅಂಗಳದ ನೀರು ಬೋರ್‌ಗೆ ನೇರವಾಗಿ ಬಿಡಲೇಬೇಡಿ.

ಮೇ ಮುಗಿಯುವುದರೊಳಗೆ ಚಾವಣಿ, ಪೈಪು, ಜಾಲರಿ ಸ್ವಚ್ಛ ಮಾಡಿಸಿ.

7. ಬಳಸಿದ ನೀರು

ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಭಾಗ ಚರಂಡಿಗೇ ಹೋಗುತ್ತದೆ. ಶುದ್ಧೀಕರಿಸಿದ ಚರಂಡಿ ನೀರನ್ನು ಉದ್ಯಾನ, ರಸ್ತೆ ಕೆಲಸ, ಕಾಂಕ್ರೀಟ್ ಕ್ಯೂರಿಂಗ್‌ಗೆ ಕೊಡಿ ಅಂತ ಪಾಲಿಕೆಗೆ ಬರೆದು ಕೊಡಿ. ಮನೆಯಲ್ಲಿ ಬಟ್ಟೆ ತೊಳೆದ ನೀರು ಶೌಚಾಲಯಕ್ಕೆ ಹೋದರೆ ಆ 30 ಲೀಟರ್‌ನಲ್ಲಿ 20 ಉಳಿಯಿತು. ಆರ್‌ಒ ಮೆಷಿನ್ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಹಾಕುತ್ತದೆ, ಅದನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಬಳಸಿ. ಇವೆಲ್ಲ ನಿಮಗೆ ಗೊತ್ತಿರುವುದೇ, ಮುಂದೆ ಹೋಗೋಣ.

8. ಟ್ಯಾಂಕರ್: ಕೊನೆಯ ದಾರಿ, ಆದರೂ ಯೋಜನೆ ಬೇಕು

ಟ್ಯಾಂಕರ್‌ನಿಂದ ಊರು ನಡೆಯುತ್ತದೆ ಅಂದುಕೊಂಡವರಿಗೆ ಒಂದು ಲೆಕ್ಕ. ದಿನಕ್ಕೆ 40 ಎಂಎಲ್‌ಡಿ ಕೊರತೆ ಬಿದ್ದರೆ 5,000 ಲೀಟರ್‌ನ 8,000 ಟ್ರಿಪ್ ಬೇಕು. ಪ್ರತಿ ದಿನ. 2016ರ ಏಪ್ರಿಲ್‌ನಲ್ಲಿ ಬೀದರಿನ ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತಂದರಲ್ಲ, ಮೊದಲ ರೈಲು ತಂದದ್ದು ಸುಮಾರು 5 ಲಕ್ಷ ಲೀಟರ್. ಆ ಊರಿನ ಜನಸಂಖ್ಯೆಗೆ ಹಂಚಿದರೆ ತಲೆಗೆ ಒಂದು ಲೀಟರ್ ಚಿಲ್ಲರೆ. ನಂತರ ಉದ್ದದ ರೈಲು 25 ಲಕ್ಷ ಲೀಟರ್ ತಂದಿತು, ಅದು 2.5 ಎಂಎಲ್‌ಡಿ ಅಷ್ಟೇ. ಲಾತೂರು ನಂಬಿಕೊಂಡಿದ್ದ ಮಾಂಜ್ರಾ ನದಿಯೇ ಮುಂದೆ ಬೀದರ್ ಜಿಲ್ಲೆಗೆ ಬರುವುದು ಅನ್ನುವುದನ್ನು ಬೀದರಿನವರು ಮರೆಯಬಾರದು.

ಹಾಗಾಗಿ ಟ್ಯಾಂಕರ್ ಕುಡಿಯಲು, ಅಡಿಗೆಗೆ ಮಾತ್ರ. ಜನವರಿಯಲ್ಲೇ ಇವನ್ನು ತೀರ್ಮಾನ ಮಾಡಿ:

ಯಾವ ಬಾವಿ, ಯಾವ ಬೋರ್‌ನಿಂದ ತುಂಬಿಸುವುದು, ಆ ನೀರಿನ ಪರೀಕ್ಷೆ ಆಗಿದೆಯೇ. ದರ ಎಷ್ಟು. ಏಪ್ರಿಲ್‌ನಲ್ಲಿ ದರ ಕೇಳಿದರೆ ಅವರು ಹೇಳಿದ್ದೇ ರೇಟು. ಎಲ್ಲಿ ನಿಲ್ಲುವುದು. ಕೊಡ ಹೊರಲು ಆಗದ ವಯಸ್ಸಾದವರು, ಬಾಣಂತಿಯರು, ಅಂಗವಿಕಲರು ಇರುವ ಮನೆಗಳ ಪಟ್ಟಿ ಯಾರ ಹತ್ತಿರ ಇರುತ್ತದೆ. ಪ್ರತಿ ಟ್ರಿಪ್‌ಗೆ ಲಾಗ್‌ಬುಕ್, ಸಮಯ, ಸಹಿ. ಕ್ಲೋರಿನ್ ಪರೀಕ್ಷೆಯ ಕಿಟ್ ಒಂದು ಸಂಘದಲ್ಲಿ ಇರಲಿ. ನೀರು ಕೈಗೆ ಸಿಗುವ ಜಾಗದಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ವಾಸನೆ ಬರುತ್ತೆ ಅಂತ ಜನ ಬೈದರೂ ಪರವಾಗಿಲ್ಲ.

9. ಯಾರ ಹತ್ತಿರ ಹೋಗುವುದು?

ಮೊದಲು ವಾರ್ಡ್ ಸಮಿತಿ, ಆಮೇಲೆ ಪಾಲಿಕೆ ಆಯುಕ್ತರು, ಜೊತೆಗೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ವಿಭಾಗ ಕಚೇರಿ. ನದಿ ನೀರು ಕಾಯ್ದಿರಿಸುವುದು, ಖಾಸಗಿ ಬೋರ್ ವಶಕ್ಕೆ ಪಡೆಯುವಂಥ ವಿಷಯಕ್ಕೆ ಜಿಲ್ಲಾಧಿಕಾರಿ, ಅವರೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಮನವಿ ಒಂದೇ ಪುಟ ಇರಲಿ: ನವೆಂಬರ್ 1ರ ಸಂಗ್ರಹ, ದಿನದ ಬಳಕೆ, ಯಾವ ತಾರೀಖಿಗೆ ಮುಗಿಯುತ್ತದೆ, ಯಾವ ಗೆರೆಗೆ ಏನು ಮಾಡಬೇಕು. ಸ್ವೀಕೃತಿ ಸಹಿ, ತಾರೀಖು ತಪ್ಪದೆ ತೆಗೆದುಕೊಳ್ಳಿ. ಏಪ್ರಿಲ್, ಮೇನಲ್ಲಿ ಬಿಸಿಲಿನ ಕಾರಣಕ್ಕೆ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ, ಊಟ ಮುಗಿಸಿ ಹೋದರೆ ಬೀಗ ನೋಡಿ ಬರಬೇಕಾಗುತ್ತದೆ.

10. ಮಳೆ ಬಂದ ಮೇಲೆ

ಒಂದು ಮಳೆ ಬಿದ್ದ ಕೂಡಲೇ ಕಡಿತ ತೆಗೆಯಿರಿ ಅಂತ ಒತ್ತಡ ಬರುತ್ತದೆ. ತೆಗೆಯಬೇಡಿ. ಜಲಾಶಯದ ಮಟ್ಟ ಎರಡು ವಾರ ಸತತವಾಗಿ ಏರಿದ ಮೇಲೆ ಒಂದೊಂದೇ ಗೆರೆ ಹಿಂದಕ್ಕೆ ಬನ್ನಿ. ನದಿಯ ಮೊದಲ ನೀರು ಕೆಸರು, ಬೇಸಿಗೆಯ ಕೊಳೆ ಎಲ್ಲ ಹೊತ್ತು ತರುತ್ತದೆ. ಶುದ್ಧೀಕರಣ ಘಟಕದವರಿಗೆ ಆಲಂ ಸಾಕಷ್ಟು ಸ್ಟಾಕ್ ಇದೆಯೇ ಅಂತ ಮೇನಲ್ಲೇ ಕೇಳಿಟ್ಟುಕೊಳ್ಳಿ. ಆಲಂ ಅಂದರೆ ನಮ್ಮ ಪಟಕವೇ, ಕೆಸರನ್ನು ತಳಕ್ಕೆ ಕೂರಿಸಲು ಹಾಕುವುದು. ತಿಂಗಳುಗಟ್ಟಲೆ ಖಾಲಿ ಇದ್ದ ಪೈಪಿನಲ್ಲಿ ನೀರು ಬಂದಾಗ ಮೊದಲ ಎರಡು ಸಲ ಕುಡಿಯಲು ಹಿಡಿಯಬೇಡಿ, ಗಿಡಕ್ಕೋ ಶೌಚಾಲಯಕ್ಕೋ ಬಳಸಿ. ಸಂಪ್ ಮತ್ತು ಸಿಂಟೆಕ್ಸ್ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಆಮೇಲೆ ತುಂಬಿಸಿ. ಆ ವರ್ಷದ ಮಟ್ಟ, ಬಳಕೆ, ಟ್ಯಾಂಕರ್ ಟ್ರಿಪ್‌ಗಳ ಪುಸ್ತಕವನ್ನು ಸಂಘದ ಕಪಾಟಿನಲ್ಲಿ ಇಡಿ, ಅಕ್ಟೋಬರ್‌ನಲ್ಲಿ ಮತ್ತೆ ಬೇಕಾಗುತ್ತದೆ.